ಹಾವಿನ ಕಡಿತಕ್ಕೆ ರೆಫರ್ ಚೀಟಿ ಮದ್ದಲ್ಲ

ಮಳೆ ಬಿದ್ದಿದೆ. ಹೊಲದಲ್ಲಿ ಕಳೆ ಎದ್ದಿದೆ, ಬದುವಿನ ಬಿಲಗಳಿಗೆ ನೀರು ನುಗ್ಗಿದೆ. ಇನ್ನು ಮೂರ್ನಾಲ್ಕು ತಿಂಗಳು ನಮ್ಮ ಜಿಲ್ಲೆಯ ವರದಿಗಾರರ ವಾಟ್ಸ್ಆ್ಯಪ್ ಗುಂಪಿಗೆ ಒಂದೇ ಥರದ ಸುದ್ದಿ ಬರುತ್ತಲೇ ಇರುತ್ತದೆ. ‘ಹಾವು ಕಚ್ಚಿ ರೈತ ಸಾವು’, ‘ಹಾವು ಕಡಿದು ಬಾಲಕಿ ಸಾವು’. ಡೆಸ್ಕಿನವರು ಇದಕ್ಕೆ ಕೊಡುವ ಜಾಗ ಮೂರು ಸಾಲು. ಆ ಮೂರು ಸಾಲಿನಲ್ಲಿ ತಪ್ಪೆಲ್ಲ ಹಾವಿನದೇ.

ನಾವು ಒಪ್ಪುವುದಿಲ್ಲ. ಹಾವು ಕಚ್ಚಿದ್ದು ನಿಜ. ಆದರೆ ಈ ವಿಷಕ್ಕೆ ಮದ್ದು ಕಂಡುಹಿಡಿದು ನೂರಿಪ್ಪತ್ತೈದು ವರ್ಷದ ಮೇಲಾಯಿತು. ಅದನ್ನು ಸರ್ಕಾರ ದುಡ್ಡು ಕೊಟ್ಟು ಕೊಳ್ಳುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಮದ್ದು ಇದ್ದೂ ಜನ ಸಾಯುತ್ತಿದ್ದರೆ, ಕಚ್ಚಿದ ಜಾಗಕ್ಕೂ ಮದ್ದಿಗೂ ನಡುವೆ ಯಾರು ಹೊತ್ತು ಕಳೆದರು ಎಂದು ಕೇಳಲೇಬೇಕು.

ಮೊದಲು ಆ ಸೀಸೆಯೊಳಗೆ ಏನಿದೆ ಎಂದು ನೋಡೋಣ. ಅದು ಗೊತ್ತಾದರೆ ಅದನ್ನು ವ್ಯರ್ಥ ಮಾಡುವುದು ಎಂಥ ಪಾಪ ಎಂದು ಗೊತ್ತಾಗುತ್ತದೆ.

ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ದಾರಿಯಲ್ಲಿ ವಡನೆಮ್ಮೇಲಿ ಎಂಬ ಊರಿದೆ. ಅಲ್ಲಿ ಇರುಳ ಸಮುದಾಯದವರ ಹಾವು ಹಿಡಿಯುವವರ ಸಹಕಾರ ಸಂಘವಿದೆ. ನಮ್ಮ ಹಾಲಿನ ಸೊಸೈಟಿ ಇದ್ದ ಹಾಗೆ. ಇಲ್ಲಿ ಹಾಲು ಹಾಕುತ್ತೇವೆ, ಅಲ್ಲಿ ಹಾವು ತಂದು ಕೊಡುತ್ತಾರೆ. ಹಿಂದೆ ಇರುಳರು ಚರ್ಮದ ವ್ಯಾಪಾರಿಗಳಿಗಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಂಧೆ ನಿಂತಿತು, ಜನರ ಕೆಲಸವೂ ಹೋಯಿತು. 1978ರಲ್ಲಿ ರೋಮುಲಸ್ ವಿಟೇಕರ್ ಅವರ ಪ್ರಯತ್ನದಿಂದ ಸಂಘ ಶುರುವಾಯಿತು. ಅದೇ ಕೈಗಳು ಈಗ ಹಾವನ್ನು ಕೊಲ್ಲದೆ ಹಿಡಿಯುತ್ತವೆ. ಹಾವುಗಳನ್ನು ಮರಳು ಹಾಕಿದ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಕೆಲವು ವಾರ ಇಟ್ಟುಕೊಂಡು, ನಡುನಡುವೆ ವಿಷ ತೆಗೆದು, ಮತ್ತೆ ಕಾಡಿಗೋ ಹೊಲಕ್ಕೋ ಬಿಡುತ್ತಾರೆ. ದೇಶದಲ್ಲಿ ಪ್ರತಿವಿಷ ಮಾಡುವ ಕಂಪನಿಗಳಿಗೆ ಬೇಕಾದ ವಿಷದ ಬಹುಪಾಲು ಇವರಿಂದಲೇ ಹೋಗುತ್ತದೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಹೀಗೆ ಸಿಕ್ಕ ವಿಷವನ್ನು ಒಣಗಿಸಿ ಪುಡಿ ಮಾಡುತ್ತಾರೆ. ಅದನ್ನು ಕುದುರೆಗೆ ಮೊದಲು ಅತಿ ಸಣ್ಣ ಪ್ರಮಾಣದಲ್ಲಿ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಚುಚ್ಚುತ್ತಾರೆ. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ನಿಲ್ಲಿಸುವ ಅಂಶ ತಯಾರಾಗುತ್ತದೆ. ರಕ್ತ ತೆಗೆದು ಆ ಅಂಶವನ್ನು ಬೇರ್ಪಡಿಸಿ, ಶುದ್ಧ ಮಾಡಿ, ಸೀಸೆಗೆ ತುಂಬುತ್ತಾರೆ. ಆಸ್ಪತ್ರೆಯವರು ಎಎಸ್‌ವಿ ಎನ್ನುವುದು ಇದಕ್ಕೇ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿದ ದಾರಿ, ಇವತ್ತಿಗೂ ಮೂಲದಲ್ಲಿ ಅದೇ. ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಮಾಡಿಬಿಡುವ ಮದ್ದಲ್ಲ. ಹಾವು, ಹಾವು ಹಿಡಿದವರು, ಕುದುರೆ, ಎಲ್ಲರೂ ಕೊಟ್ಟ ಮೇಲೆ ಬರುವ ಮದ್ದು.

ನಮ್ಮಲ್ಲಿ ಸಿಗುವ ಎಎಸ್‌ವಿ ನಾಲ್ಕು ಹಾವುಗಳ ವಿಷಕ್ಕೆ ಒಟ್ಟಿಗೆ ಕೆಲಸ ಮಾಡುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆದ್ದರಿಂದ ಯಾವ ಹಾವು ಎಂದು ಹುಡುಕಿ, ಹೊಡೆದು, ಚೀಲದಲ್ಲಿ ತರುವ ಅಗತ್ಯವಿಲ್ಲ. ಹಾಗೆ ಹುಡುಕಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುತ್ತಾರೆ.

ಹಾವಿನಿಂದ ಬಂದ ಔಷಧ ಇದೊಂದೇ ಅಲ್ಲ. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷ ರಕ್ತದೊತ್ತಡ ಇಳಿಸುವುದನ್ನು ಗಮನಿಸಿ, ಅದರ ಜಾಡು ಹಿಡಿದು ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ನಿಮ್ಮೂರಿನ ಹಿರಿಯರು ಬಿಪಿಗೆ ನುಂಗುವ ಎನಾಲಾಪ್ರಿಲ್, ರಾಮಿಪ್ರಿಲ್ ಅದೇ ಕುಟುಂಬದ ಮಾತ್ರೆಗಳು. ಇವನ್ನು ಈಗ ಪ್ರಯೋಗಾಲಯದಲ್ಲೇ ಮಾಡುತ್ತಾರೆ, ಹಾವು ಬೇಕಿಲ್ಲ. ನಮ್ಮ ಕೊಳಕುಮಂಡಲದ ವಿಷವನ್ನು ರಕ್ತ ಹೆಪ್ಪುಗಟ್ಟುವ ತೊಂದರೆ ಪತ್ತೆ ಮಾಡುವ ಒಂದು ಲ್ಯಾಬ್ ಪರೀಕ್ಷೆಯಲ್ಲಿ ಬಳಸುತ್ತಾರೆ. ಡಯಾಲಿಸಿಸ್ ಮಾಡುವಾಗ ರಕ್ತ ಗಟ್ಟಿಯಾಗದಂತೆ ಕೊಡುವ ಹೆಪಾರಿನ್ ಬರುವುದು ಹಂದಿಯ ಕರುಳಿನಿಂದ. ದೊಡ್ಡ ಆಸ್ಪತ್ರೆಗಳ ಔಷಧದ ಕಪಾಟಿನಲ್ಲಿ ಪ್ರಾಣಿಗಳ ಋಣ ಬೇಕಾದಷ್ಟಿದೆ. ಬಿಪಿ ಮಾತ್ರೆ ಪೇಟೆಯ ಮೆಡಿಕಲ್ ಸ್ಟೋರಿನಿಂದ ಹಳ್ಳಿಯ ಗೂಡಂಗಡಿಯ ತನಕ ತಲುಪಿದೆ. ಹಳ್ಳಿಯವರಿಗೇ ಬೇಕಾದ, ಹಳ್ಳಿಯವರನ್ನೇ ಉಳಿಸುವ ಎಎಸ್‌ವಿ ಮಾತ್ರ ಹಳ್ಳಿಗೆ ಬರುವ ಹೊತ್ತಿಗೆ ದಾರಿ ತಪ್ಪುತ್ತದೆ.

ಲೆಕ್ಕ ಕೇಳಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ 15 ವರ್ಷದೊಳಗಿನ ಮಕ್ಕಳು. ಅದಕ್ಕೂ ಮೊದಲು, 2011ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಸಾವುಗಳಲ್ಲಿ ನೂರಕ್ಕೆ 97 ಹಳ್ಳಿಯವು, ಆಸ್ಪತ್ರೆಯಲ್ಲಿ ಆದವು ನೂರಕ್ಕೆ 23 ಮಾತ್ರ. ಉಳಿದವರು ಮನೆಯಲ್ಲಿ, ದಾರಿಯಲ್ಲಿ, ಇನ್ನೆಲ್ಲೋ ಸತ್ತರು. ಪೇಟೆಯವರು ಇಷ್ಟು ಸಂಖ್ಯೆಯಲ್ಲಿ ಹೀಗೆ ಸತ್ತಿದ್ದರೆ ಟಿವಿಯಲ್ಲಿ ದಿನಾ ಸಂಜೆ ಚರ್ಚೆ ನಡೆಯುತ್ತಿತ್ತು.

ಈಗ ಒಂದು ಪ್ರಸಂಗ. ಹೆಸರು, ಊರು ಬೇಡ. ಹೋದ ರಾಗಿ ಕೊಯ್ಲಿನಲ್ಲಿ ನಮ್ಮ ಪಕ್ಕದ ತಾಲ್ಲೂಕಿನ ಹೆಣ್ಣುಮಗಳೊಬ್ಬರಿಗೆ ಬೆಳಿಗ್ಗೆ ಹತ್ತರ ಸುಮಾರಿಗೆ ಕೊಳಕುಮಂಡಲ ಕೈಗೆ ಕಚ್ಚಿತು. ಮನೆಯವರು ಮೊದಲು ಕರೆದುಕೊಂಡು ಹೋಗಿದ್ದು ಪಕ್ಕದೂರಿನ ‘ಹಾವಿನ ಮದ್ದು ಕೊಡುವವರ’ ಹತ್ತಿರ. ಅವರು ಬೇರು ಅರೆದು ಕುಡಿಸಿ, ಮೊಣಕೈ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿಸಿದರು. ಕೈ ಊದಿತು. ಹನ್ನೆರಡಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರ್ ಮೀಟಿಂಗಿಗೆ ಹೋಗಿದ್ದರು. ಸಿಸ್ಟರ್ ಟಿಟಿ ಇಂಜೆಕ್ಷನ್ ಕೊಟ್ಟು, ರೆಫರ್ ಚೀಟಿ ಬರೆದು, 108ಕ್ಕೆ ಫೋನ್ ಮಾಡಿದರು. ತಾಲ್ಲೂಕು ಆಸ್ಪತ್ರೆ ಸೇರುವಾಗ ಎರಡು ಗಂಟೆ. ಅಲ್ಲಿ ನಾಲ್ಕು ವಯಲ್ ಕೊಟ್ಟು ಇನ್ನೊಂದು ಚೀಟಿ ಬರೆದರು. ಜಿಲ್ಲಾಸ್ಪತ್ರೆಗೆ ಬರುವಾಗ ಸಂಜೆ ನಾಲ್ಕೂವರೆ. ಅಷ್ಟರಲ್ಲಿ ವಸಡಿನಲ್ಲಿ ರಕ್ತ, ಮೂತ್ರ ನಿಂತಿತ್ತು.

ಅವರು ಬದುಕಿದರು. ಆದರೆ ಕಿಡ್ನಿ ಕೆಲಸ ನಿಲ್ಲಿಸಿ ವಾರಗಟ್ಟಲೆ ಡಯಾಲಿಸಿಸ್ ಆಯಿತು. ಓಡಾಟಕ್ಕೆ, ಊಟಕ್ಕೆ, ಹೊರಗಿನ ಔಷಧಕ್ಕೆ ಎಂದು ಮನೆಯ ಎರಡು ಹಸು ಹೋದವು. ಈಗಲೂ ಬಿಂದಿಗೆ ಎತ್ತಲಾಗುವುದಿಲ್ಲ. ಸಾಯಲಿಲ್ಲವಾದ್ದರಿಂದ ಅವರದು ಮೂರು ಸಾಲಿನ ಸುದ್ದಿಯೂ ಆಗಲಿಲ್ಲ. ಕಚ್ಚಿದ ಜಾಗದಿಂದ ಮೊದಲ ಆರೋಗ್ಯ ಕೇಂದ್ರಕ್ಕೆ ದೂರ ಆರು ಕಿಲೋಮೀಟರ್. ಬೈಕಿನಲ್ಲಿ ಹದಿನೈದು ನಿಮಿಷ.

ಈ ಆರೂವರೆ ತಾಸಿನಲ್ಲಿ ಎರಡು ತಾಸು ನಮ್ಮವರೇ ಕಳೆದದ್ದು. ಅದನ್ನು ಮುಚ್ಚಿಡುವುದು ಬೇಡ.

‘ನಮ್ಮ ಪಂಡಿತರ ಕೈಯಲ್ಲಿ ಎಷ್ಟೋ ಜನ ಉಳಿದಿದ್ದಾರೆ’ ಎಂದು ನೀವು ಹೇಳುತ್ತೀರಿ. ಉಳಿದಿರುವುದು ನಿಜ. ಏಕೆಂದರೆ ನಮ್ಮ ದೇಶದ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ವಿಷದವು ಅರವತ್ತರಷ್ಟು. ಕೇರೆಹಾವು, ನೀರುಹಾವು ಕಚ್ಚಿದರೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ವಿಷದ ಹಾವು ಕೂಡ ಕಚ್ಚಿದಾಗಲೆಲ್ಲ ವಿಷ ಬಿಡುವುದಿಲ್ಲ. ಇವರೆಲ್ಲ ಪಂಡಿತರ ಲೆಕ್ಕಕ್ಕೆ ಜಮೆ. ಸತ್ತವರು ಮಾತ್ರ ‘ತಡವಾಗಿ ಬಂದರು’, ‘ಹಣೆಬರಹ’ ಎಂದು ಲೆಕ್ಕದಿಂದ ಹೊರಗೆ.

ಗಿಡಮೂಲಿಕೆಯನ್ನು ನಾವು ಹಳಿಯುತ್ತಿಲ್ಲ. ಸರ್ಪಗಂಧಿಯನ್ನೇ ನೋಡಿ. ಹಾವಿನ ಕಡಿತಕ್ಕೆ ಕೊಡುತ್ತಿದ್ದ ಬೇರು, ಹೆಸರೇ ಹಾಗಿದೆ. ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಜಗತ್ತಿಗೆ ತೋರಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಅಂಶ ಬೇರ್ಪಡಿಸಿದರು, ಲಕ್ಷಾಂತರ ಬಿಪಿ ರೋಗಿಗಳಿಗೆ ಅದು ಔಷಧವಾಯಿತು. ಬೇರಿನಲ್ಲಿ ಶಕ್ತಿ ಇತ್ತು, ಆದರೆ ಹಾವಿನ ವಿಷ ಇಳಿಸುವ ಶಕ್ತಿಯಲ್ಲ. ಮಂಡಲ ಕಚ್ಚಿ ಬಿಪಿ ತಾನಾಗಿಯೇ ಕುಸಿಯುತ್ತಿರುವವರಿಗೆ ಬಿಪಿ ಇಳಿಸುವ ಬೇರನ್ನು ಅರೆದು ಕುಡಿಸಿದರೆ ಏನಾದೀತು, ನೀವೇ ಯೋಚಿಸಿ. ರಕ್ತಕ್ಕೆ ಸೇರಿದ ವಿಷವನ್ನು ಹಿಡಿಯಲು ಪರೀಕ್ಷೆಯಲ್ಲಿ ಗೆದ್ದು ಆಸ್ಪತ್ರೆಗೆ ಬಂದಿರುವ ಮದ್ದು ಎಎಸ್‌ವಿ. ಅದನ್ನು ಬಿಟ್ಟು ಬೇರೆಯದಕ್ಕೆ ಹೊತ್ತು ಕಳೆಯಬೇಡಿ.

ನಮ್ಮವರು ಕಳೆದ ಎರಡು ತಾಸಿನ ಮಾತು ಮುಗಿಯಿತು. ಉಳಿದ ನಾಲ್ಕೂವರೆ ತಾಸು ಯಾರದು?

ದೇಶದ ಚಿಕಿತ್ಸಾ ಮಾರ್ಗಸೂಚಿ ಸ್ಪಷ್ಟವಾಗಿದೆ. ವಿಷ ಏರಿದ ಲಕ್ಷಣ ಕಂಡರೆ ಎಎಸ್‌ವಿಯನ್ನು ಮೊದಲು ಸಿಕ್ಕ ಆರೋಗ್ಯ ಕೇಂದ್ರದಲ್ಲೇ ಶುರು ಮಾಡಬೇಕು. ಮೊದಲ ಡೋಸು ಸಾಮಾನ್ಯವಾಗಿ ಹತ್ತು ವಯಲ್. ಮಕ್ಕಳಿಗೂ ಅಷ್ಟೇ, ಏಕೆಂದರೆ ಮಗು ಎಂದು ಹಾವು ಕಡಿಮೆ ವಿಷ ಬಿಡುವುದಿಲ್ಲ. ಆಮೇಲೆ ಬೇಕಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮೊದಲು ಕೊಡಿ, ಆಮೇಲೆ ಕಳಿಸಿ. ನಮ್ಮಲ್ಲಿ ನಡೆಯುತ್ತಿರುವುದು ಮೊದಲು ಕಳಿಸುವುದು, ಕೊಡುವುದು ಮುಂದಿನವರ ಪಾಡು.

ಡಾಕ್ಟರುಗಳನ್ನು ಕೇಳಿದರೆ ಅವರೂ ಕಾರಣ ಹೇಳುತ್ತಾರೆ. ಅವನ್ನು ಒಂದೊಂದಾಗಿ ನೋಡೋಣ.

‘ಎಎಸ್‌ವಿ ಕೊಟ್ಟರೆ ರಿಯಾಕ್ಷನ್ ಆಗಬಹುದು.’ ಆಗಬಹುದು. ಕುದುರೆಯ ರಕ್ತದಿಂದ ಬಂದದ್ದು, ಕೆಲವರ ಮೈಗೆ ಒಗ್ಗುವುದಿಲ್ಲ. ತುರಿಕೆ, ವಾಂತಿ, ಒಮ್ಮೊಮ್ಮೆ ಉಸಿರು ಕಟ್ಟುವುದು, ಬಿಪಿ ಬೀಳುವುದು ಆಗುತ್ತದೆ. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಇದೆ, ಬೆಲೆಯೂ ಕಡಿಮೆ. ಸಿರಿಂಜಿನಲ್ಲಿ ಎಳೆದು ಪಕ್ಕದಲ್ಲಿ ಇಟ್ಟುಕೊಂಡೇ ಎಎಸ್‌ವಿ ಶುರು ಮಾಡಬೇಕು ಎಂದು ಮಾರ್ಗಸೂಚಿಯೇ ಹೇಳುತ್ತದೆ. ರಿಯಾಕ್ಷನ್ನಿಗೆ ಮದ್ದಿದೆ. ವಿಷ ಏರಿ ಹಾಳಾದ ಕಿಡ್ನಿಗೆ ಹಳ್ಳಿಯಲ್ಲಿ ಮದ್ದಿಲ್ಲ.

‘ವಿಷದ ಹಾವೋ ಅಲ್ಲವೋ ಗೊತ್ತಾಗುವುದಿಲ್ಲ.’ ಮಂಡಲದ ಕಡಿತಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಒಣಗಿದ, ಶುಚಿಯಾದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಟ್ಯೂಬು ಓರೆ ಮಾಡಿದಾಗ ರಕ್ತ ಗಟ್ಟಿಯಾಗದೆ ಹರಿದರೆ ವಿಷ ಏರಿದೆ ಎಂದರ್ಥ. ಯಂತ್ರ ಬೇಡ, ಕರೆಂಟೂ ಬೇಡ. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲಾಗದಿರುವುದು ಕಣ್ಣಿಗೇ ಕಾಣುತ್ತದೆ.

‘ಫ್ರಿಜ್ ಇಲ್ಲ, ಕರೆಂಟ್ ಇರುವುದಿಲ್ಲ.’ ಪುಡಿ ರೂಪದ ಎಎಸ್‌ವಿಗೆ ಫ್ರಿಜ್ ಕಡ್ಡಾಯವಲ್ಲ. ಬಿಸಿಲು ತಾಗದ ತಂಪು ಜಾಗ ಸಾಕು.

‘ರೋಗಿ ಸತ್ತರೆ ಜನ ಹೊಡೆಯಲು ಬರುತ್ತಾರೆ.’ ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ, ತಲೆ ತಗ್ಗಿಸಬೇಕು. ಒಬ್ಬರೇ ಡಾಕ್ಟರ್, ರಾತ್ರಿ ಹೊತ್ತು, ಹೊರಗೆ ನಲವತ್ತು ಜನ ಕೂಗಾಡುತ್ತಿದ್ದರೆ ಯಾರಿಗಾದರೂ ಚೀಟಿ ಬರೆದು ಕಳಿಸುವುದೇ ಕ್ಷೇಮ ಅನಿಸುತ್ತದೆ. ಡಾಕ್ಟರ ಮೇಲೆ ಕೈ ಮಾಡುವ ಊರಿಗೆ ರೆಫರ್ ಚೀಟಿಯೇ ಗತಿ. ನಮ್ಮ ಊರಿನ ಮುಖಂಡರು ಜನರನ್ನು ಹಿಂದೆ ಸರಿಸಿ, ‘ನೀವು ಕೊಡಿ ಡಾಕ್ಟ್ರೇ, ನಾವಿದ್ದೇವೆ’ ಎಂದು ನಿಲ್ಲಬೇಕು. ಅದರ ಜೊತೆಗೆ ಸರ್ಕಾರ ಆ ಒಬ್ಬ ಡಾಕ್ಟರಿಗೆ ತರಬೇತಿ ಕೊಡಬೇಕು, ರಾತ್ರಿಗೆ ಇನ್ನೊಬ್ಬರನ್ನು ಕೊಡಬೇಕು. ಎಂಬಿಬಿಎಸ್ ಮುಗಿಸಿ ನೇರ ಹಳ್ಳಿಗೆ ಬಂದ ಹುಡುಗಿಯೊಬ್ಬಳ ಹೆಗಲಿಗೆ ಎಲ್ಲ ಹೊರಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಮದ್ದಿನ ಮೇಲೂ ನಮಗೆ ತಕರಾರಿದೆ. ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ. ತಮಿಳುನಾಡಿನ ನಾಗರಹಾವಿನ ವಿಷ, ರಾಜಸ್ಥಾನದ ನಾಗರಹಾವಿನ ವಿಷ ಒಂದೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ವರ್ಷಗಳಿಂದ ಇದನ್ನೇ ತೋರಿಸುತ್ತ ಬಂದಿದೆ. ಕೆಲವು ಪ್ರದೇಶದ ಹಾವುಗಳ ವಿಷಕ್ಕೆ ಈಗಿನ ಎಎಸ್‌ವಿ ಸಾಕಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ. ಮಲೆನಾಡಿನ ಅಡಿಕೆ, ಕಾಫಿ ತೋಟದ ತರಗೆಲೆಗಳ ನಡುವೆ ಕೂರುವ ಗುಳಿಮಂಡಲಗಳಿಗಂತೂ ಈ ಸೀಸೆಯಲ್ಲಿ ಮದ್ದೇ ಇಲ್ಲ. ಇರುಳರು ಮಾಡುತ್ತಿರುವುದು ದೊಡ್ಡ ಕೆಲಸ. ಆದರೆ ಇಡೀ ದೇಶದ ಹಾವಿಗೆ ಮುಖ್ಯವಾಗಿ ಒಂದೇ ಸೀಮೆಯ ವಿಷ ನೆಚ್ಚಿಕೊಂಡಿರುವುದು ಇರುಳರ ತಪ್ಪಲ್ಲ, ಆಳುವವರ ಸೋಮಾರಿತನ. ಬೆಂಗಳೂರನ್ನು ಬಯೋಟೆಕ್ ರಾಜಧಾನಿ ಎಂದು ಹೊಗಳಿಕೊಳ್ಳುತ್ತೇವೆ. ಕರ್ನಾಟಕದ ಹಾವಿನ ವಿಷವನ್ನು ಸೇರಿಸಿ ಎಎಸ್‌ವಿ ಮಾಡಿಸಿ ಎಂದು ಕೇಳುವುದು ದೊಡ್ಡ ಬೇಡಿಕೆಯೇ?

ಹಾಗೆಂದು ‘ಮದ್ದು ಸರಿಯಿಲ್ಲವಂತೆ’ ಎಂದು ಯಾರೂ ಆಸ್ಪತ್ರೆ ಬಿಡಬೇಡಿ. ಇವತ್ತು ಕಚ್ಚಿದರೆ ಇವತ್ತು ಇರುವ ಮದ್ದೇ ಉಳಿಸಬೇಕು, ಉಳಿಸುತ್ತಲೂ ಇದೆ.

ಕಾಗದದ ಮೇಲೆ ಕೆಲಸ ಶುರುವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ‘ನಿರ್ಲಕ್ಷಿತ ಉಷ್ಣವಲಯದ ಕಾಯಿಲೆ’ಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಇದನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು. ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ಒಳ್ಳೆಯದು. ಆದರೆ ಎಷ್ಟು ಜನ ಕಚ್ಚಿಸಿಕೊಂಡರು, ಎಷ್ಟು ಜನ ಸತ್ತರು ಎಂದು ಎಣಿಸಿದರೆ ಸಾಲದು. ಎಷ್ಟು ಹೊತ್ತಿಗೆ ಕಚ್ಚಿತು, ಮೊದಲ ಆಸ್ಪತ್ರೆಗೆ ಎಷ್ಟಕ್ಕೆ ಬಂದರು, ಮೊದಲ ವಯಲ್ ಎಷ್ಟಕ್ಕೆ ಕೊಟ್ಟರು, ಕೊಡದೆ ಕಳಿಸಿದ್ದರೆ ಏಕೆ ಎಂಬುದೂ ದಾಖಲಾಗಬೇಕು. ಆ ಕಾಲಂ ತುಂಬಬೇಕಾಗಿ ಬಂದ ದಿನ ರೆಫರ್ ಚೀಟಿಗಳು ತಾವಾಗಿಯೇ ಕಡಿಮೆಯಾಗುತ್ತವೆ.

ರೈತರು ಹಾವು ಕಚ್ಚಿ ಸತ್ತರೆ ಕೃಷಿ ಇಲಾಖೆಯಿಂದ ಪರಿಹಾರವಿದೆ. ಅದಕ್ಕೆ ಪೊಲೀಸ್ ದೂರು, ಪೋಸ್ಟ್‌ಮಾರ್ಟಂ ವರದಿ ಎಂದು ಮನೆಯವರು ಅಲೆಯುವುದನ್ನು ನೋಡಿದ್ದೇವೆ. ಚೆಕ್ ಕೊಡುವಾಗ ಫೋಟೊ ತೆಗೆಸಿಕೊಳ್ಳಲು ಮುಖಂಡರು ಬರುತ್ತಾರೆ. ಆ ಮುಖಂಡರಲ್ಲಿ ಒಬ್ಬರಾದರೂ ಆರೋಗ್ಯ ಕೇಂದ್ರದ ಕಪಾಟು ತೆಗೆಸಿ ವಯಲ್ ಎಣಿಸಿದ್ದನ್ನು ನಾವು ನೋಡಿಲ್ಲ.

ಎಣಿಸುವ ಕೆಲಸ ನೀವೇ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಈ ಐದು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

1. ನಮ್ಮ ಆರೋಗ್ಯ ಕೇಂದ್ರದಲ್ಲಿ ಇವತ್ತು ಎಷ್ಟು ವಯಲ್ ಎಎಸ್‌ವಿ ಇದೆ, ಅವಧಿ ಯಾವಾಗ ಮುಗಿಯುತ್ತದೆ?
2. ಅಡ್ರಿನಲಿನ್, ಉಸಿರಾಟಕ್ಕೆ ಒತ್ತುವ ಆಂಬು ಬ್ಯಾಗ್, ಗಾಜಿನ ಟ್ಯೂಬ್ ಇವೆಯೇ?
3. ರಾತ್ರಿ ಹೊತ್ತು ಎಎಸ್‌ವಿ ಕೊಡುವವರು ಯಾರು?
4. ಡಾಕ್ಟರ್ ಮತ್ತು ಸಿಸ್ಟರಿಗೆ ಹಾವು ಕಡಿತದ ತರಬೇತಿ ಆಗಿದೆಯೇ?
5. ಹೋದ ವರ್ಷ ಎಷ್ಟು ಜನ ಕಚ್ಚಿಸಿಕೊಂಡು ಬಂದರು, ಎಷ್ಟು ಜನರಿಗೆ ಇಲ್ಲೇ ಕೊಟ್ಟರು, ಎಷ್ಟು ಜನರನ್ನು ಕಳಿಸಿದರು?

ಇದರ ಜೊತೆಗೆ, ಕಚ್ಚಿದಾಗ ಮಾಡಬೇಕಾದದ್ದು ಮನೆಯವರಿಗೆಲ್ಲ ಗೊತ್ತಿರಲಿ. ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಳೆ, ಉಂಗುರ, ಗೆಜ್ಜೆ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಕಟ್ಟಿಗೆ ಇಟ್ಟು ಸಡಿಲವಾಗಿ ಕಟ್ಟಿ. ನಡೆಸಬೇಡಿ. 108 ತಡವಾದರೆ ಕಾಯಬೇಡಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಕಟ್ಟುಹಾವು ಹೆಚ್ಚಾಗಿ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು, ಗಾಯ ಕಾಣದೆಯೂ ಇರಬಹುದು. ನೆಲದಲ್ಲಿ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಎತ್ತಲಾಗದಿದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಾಗಬೇಡಿ. ಆಸ್ಪತ್ರೆಗೆ ಹೋದ ಕೂಡಲೇ ‘ಇಂಜೆಕ್ಷನ್ ಕೊಡಿ’ ಎಂದು ಗಲಾಟೆಯನ್ನೂ ಮಾಡಬೇಡಿ. ವಿಷದ ಲಕ್ಷಣ ಕಂಡರೆ ಮಾತ್ರ ಕೊಡುವ ಮದ್ದು ಅದು. ಲಕ್ಷಣ ಇಲ್ಲದಿದ್ದರೂ ಒಂದು ದಿನ ಅಲ್ಲೇ ಇದ್ದು ನೋಡಿಸಿಕೊಳ್ಳಿ.

ಲಕ್ಷಣ ಇದ್ದೂ ಎಎಸ್‌ವಿ ಕೊಡದೆ ಚೀಟಿ ಬರೆಯಲು ಹೊರಟರೆ, ದನಿ ಏರಿಸದೆ ಒಂದೇ ಮಾತು ಕೇಳಿ: ‘ಮೊದಲ ಡೋಸು ಇಲ್ಲೇ ಶುರು ಮಾಡಿ, ಇಲ್ಲದಿದ್ದರೆ ಏಕೆ ಕೊಡಲಿಲ್ಲ ಎಂದು ಚೀಟಿಯಲ್ಲಿ ಟೈಮ್ ಸಮೇತ ಬರೆಯಿರಿ.’ ಆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ನಮಗೂ ಕಳಿಸಿ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಅಂಥ ಎಷ್ಟು ಚೀಟಿ ಸಿಗುತ್ತವೋ ಅಷ್ಟನ್ನೂ ಒಟ್ಟು ಮಾಡಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮೇಜಿನ ಮೇಲೆ ಇಡುತ್ತೇವೆ.